ಬಿರುಕು ಕೂದಲೆಳೆಯಷ್ಟಿರುವಾಗಲೇ
(ಲೇಹ್‌ಗೆ ಹೊರಟಿರುವ ಕಿರಿಯ ಎಂಜಿನಿಯರಿಗೆ ಒಂದು ಬಹಿರಂಗ ಪತ್ರ)

ಪ್ರೀತಿಯ ಕಿರಿಯ ಗೆಳತಿಗೆ,

ಲೇಹ್‌ಗೆ ವರ್ಗವಾಗಿದೆ, ಮಾರ್ಚ್ ಮುಗಿಯುವುದರೊಳಗೆ ಹೋಗಿ ಸೇರಬೇಕು ಎಂದು ಬರೆದಿದ್ದೀಯ. ಚಳಿಯ ಬಗ್ಗೆ, ಉಸಿರಾಟದ ಬಗ್ಗೆ ಮನೆಯವರೆಲ್ಲ ಹೇಳಿ ಮುಗಿಸಿರುತ್ತಾರೆ. ಮೊದಲ ಎರಡು ಮೂರು ದಿನ ಮೈಗೆ ಒಗ್ಗುವವರೆಗೆ ವಿಶ್ರಾಂತಿ ತೆಗೆದುಕೋ ಎಂಬುದಷ್ಟನ್ನು ನಾನೂ ಸೇರಿಸುತ್ತೇನೆ. ಆದರೆ ಈ ಕಾಗದ ಅದಕ್ಕಲ್ಲ. ನಿನ್ನ ಕೈಗೆ ಬರುತ್ತಿರುವುದು 3,256 ಮೀಟರ್ ಎತ್ತರದಲ್ಲಿರುವ ಡಾಂಬರು ರನ್‌ವೇ. ಅದನ್ನು ಕಾಪಾಡುವ ಬಗ್ಗೆ ನನಗೆ ಕೆಲವು ಮಾತು ಹೇಳಬೇಕಿದೆ. ನಿನ್ನ ಹಾಗೆ ದೂರದ ನೆಲೆಗಳಿಗೆ ಹೋಗುವ ಸಿವಿಲ್ ಎಂಜಿನಿಯರುಗಳು ನಮ್ಮ ಕಡೆಯಿಂದ ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರ ಕಣ್ಣಿಗೂ ಬೀಳಲಿ ಎಂದು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ರನ್‌ವೇ ಹಾಳಾಗುವುದು ವಿಮಾನಗಳಿಂದ ಎಂದು ಓದುವ ಕಾಲದಲ್ಲಿ ಎಲ್ಲರೂ ನಂಬಿರುತ್ತೇವೆ. ಕಾಲೇಜಿನಲ್ಲಿ ಮಾಡಿಸುವ ಲೆಕ್ಕಗಳೂ ಅಂಥವೇ. ಚಕ್ರದ ಭಾರ, ಟಯರಿನ ಒತ್ತಡ, ಪದರದ ದಪ್ಪ, ಅಡಿಮಣ್ಣಿನ ಬಲ. ಎಡೆಬಿಡದೆ ವಿಮಾನ ಇಳಿಯುವ ಮುಂಬೈ, ದೆಹಲಿಗಳಲ್ಲಿ ಆ ಲೆಕ್ಕ ಸರಿಯೇ. ದಿನಕ್ಕೆ ಬೆರಳೆಣಿಕೆಯಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ವಿಮಾನ ಬಂದುಹೋಗುವ ದೂರದ ನೆಲೆಯಲ್ಲಿ ಕಥೆ ಬೇರೆ. ಅಲ್ಲಿ ಡಾಂಬರನ್ನು ತಿನ್ನುವುದು ಬಿಸಿಲು, ಗಾಳಿ, ನೀರು ಮತ್ತು ಚಳಿ. ವಿಮಾನ ಕಡಿಮೆ ಇದ್ದಷ್ಟೂ ರನ್‌ವೇ ಹೆಚ್ಚು ಬಾಳುತ್ತದೆ ಎಂದುಕೊಳ್ಳಬೇಡ. ಬೇಸಿಗೆಯ ಶಾಖದಲ್ಲಿ ಟಯರುಗಳ ಓಡಾಟ ಮೇಲ್ಪದರವನ್ನು ಒತ್ತಿ ಒತ್ತಿ ಸಣ್ಣ ರಂಧ್ರಗಳನ್ನು ಮುಚ್ಚುತ್ತಿರುತ್ತದೆ. ಆ ಓಡಾಟವೇ ಇಲ್ಲದ ಅಂಚುಗಳಲ್ಲಿ ಡಾಂಬರು ಬೇಗ ಬಿಳಿಚಿಕೊಳ್ಳುತ್ತದೆ. ಹೋದ ಮೊದಲ ವಾರ ಮಧ್ಯಗೆರೆಯಿಂದ ಅಂಚಿನವರೆಗೆ ಅಡ್ಡಲಾಗಿ ಒಮ್ಮೆ ನಡೆದು ನೋಡು. ಬಣ್ಣ ಕಪ್ಪಿನಿಂದ ಬೂದಿಗೆ ತಿರುಗುವುದು ಕಾಣುತ್ತದೆ.

ಆ ಬೂದು ಬಣ್ಣವೇ ನಿನ್ನ ಕೆಲಸದ ಆರಂಭ. ಬಿಟುಮೆನ್ ಎಂದರೆ ಎಣ್ಣೆಯಂಥ ಹಗುರ ಅಂಶಗಳಲ್ಲಿ ಗಡುಸಾದ ಆಸ್ಫಾಲ್ಟೀನ್ ಹರಡಿಕೊಂಡಿರುವ ಪದಾರ್ಥ. ಗಾಳಿಯ ಆಮ್ಲಜನಕ ತಾಗುತ್ತಾ ಹೋದಂತೆ ಹಗುರ ಅಂಶ ಕಡಿಮೆಯಾಗಿ ಗಡುಸು ಅಂಶ ಹೆಚ್ಚುತ್ತದೆ. ಮೇಲಿನ ಕೆಲವು ಮಿಲಿಮೀಟರುಗಳಲ್ಲಿ ಈ ಕ್ರಿಯೆಯನ್ನು ಅತಿನೇರಳೆ ಕಿರಣಗಳು ಇನ್ನಷ್ಟು ಚುರುಕುಗೊಳಿಸುತ್ತವೆ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಈ ಕಿರಣಗಳ ತೀವ್ರತೆ ಸುಮಾರು ಶೇಕಡ 10ರಷ್ಟು ಏರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಲೇಹ್‌ನ ಬಿಸಿಲು ಎಂಥದೆಂದು ತಿಳಿಯುತ್ತದೆ. ಮಹಡಿಯ ಮೇಲೆ ಬೇಸಿಗೆಯೆಲ್ಲ ಬಿದ್ದಿದ್ದ ಹವಾಯಿ ಚಪ್ಪಲಿಯನ್ನು ಬಗ್ಗಿಸಿದರೆ ಸೀಳುತ್ತದಲ್ಲ, ಹಳೆಯ ಡಾಂಬರೂ ಹಾಗೇ. ಬಾಗುವ ಗುಣ ಹೋಗಿಬಿಟ್ಟಿರುತ್ತದೆ. ಅಂಥ ಹೊತ್ತಿನಲ್ಲಿ ಜನವರಿಯ ರಾತ್ರಿ ಬರುತ್ತದೆ. ಉಷ್ಣಾಂಶ ಸೊನ್ನೆಗಿಂತ 15, 20 ಡಿಗ್ರಿ ಕೆಳಗೆ ಇಳಿಯುತ್ತದೆ. ಇಡೀ ಪಟ್ಟಿ ಕುಗ್ಗಲು ನೋಡುತ್ತದೆ, ಕೆಳಗಿನ ಪದರದ ಹಿಡಿತ ಕುಗ್ಗಲು ಬಿಡುವುದಿಲ್ಲ. ಎಳೆತ ತಾಳಲಾರದೆ ರನ್‌ವೇಯ ಅಡ್ಡಕ್ಕೆ ಒಂದು ಗೆರೆ ಬಿಡುತ್ತದೆ. ಒಂದು ಚಕ್ರವೂ ಓಡದೆ ಹುಟ್ಟಿದ ಬಿರುಕು ಅದು.

ನೀನು ನೋಡಿಕೊಳ್ಳಲಿರುವ ಜಾಗದ ಹಿನ್ನೆಲೆ ನಿನಗೆ ಗೊತ್ತಿರಬೇಕು. 1948ರಲ್ಲಿ ಲೇಹ್ ಕೈಬಿಟ್ಟು ಹೋಗುವ ಭಯವಿದ್ದಾಗ ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬೂ ಊರಿನ ಜನರನ್ನು ಕೂಡಿಸಿಕೊಂಡು ಸಿಂಧೂ ಕಣಿವೆಯ ಮಣ್ಣಿನಲ್ಲಿ ಒಂದು ಇಳಿದಾಣ ಮಾಡಿದರು. ಅದೇ ವರ್ಷ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ತಮ್ಮ ಡಕೋಟಾವನ್ನು ಅಲ್ಲಿ ಇಳಿಸಿದರು. ಒಳಗಿನ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಆ ವಿಮಾನದಲ್ಲಿರಲಿಲ್ಲ. ಆ ಎತ್ತರಕ್ಕೆ ಸರಿಯಾದ ನಕ್ಷೆಗಳೂ ಇರಲಿಲ್ಲ. ಪಯಣಿಗರಾಗಿ ಜೊತೆಗಿದ್ದವರು ನಮ್ಮ ಮಡಿಕೇರಿಯ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ವಾಯುಪಡೆಗೆ ಆ ದಾರಿಯ ಮೇಲೆ ನಂಬಿಕೆ ಬರಲಿ ಎಂದು ಡಿವಿಷನ್‌ನ ಮುಖ್ಯಸ್ಥರೇ ಮೊದಲ ವಿಮಾನದಲ್ಲಿ ಕುಳಿತು ಹೋದರು. ನೊರ್ಬೂ ಅವರ ಹೆಸರು ಇಂದಿಗೂ ಲೇಹ್‌ನ ದೊಡ್ಡ ಆಸ್ಪತ್ರೆಯ ಮೇಲಿದೆ. ದಾರಿಯಲ್ಲಿ ಆ ಫಲಕ ಕಂಡಾಗ ಅದು ನಿನ್ನ ವೃತ್ತಿಯವರೊಬ್ಬರ ಹೆಸರು ಎಂಬುದು ನೆನಪಿರಲಿ. ಇಷ್ಟು ಶ್ರಮದಿಂದ ಸಿಕ್ಕಿದ ನೆಲವನ್ನು ಬಿರುಕು ತುಂಬುವ ಒಂದು ಡಬ್ಬ ಸೀಲಂಟ್ ಇಲ್ಲವೆಂದು ಕೆಡಗೊಡಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಗ ಕೆಲಸದ ಮಾತು. ರನ್‌ವೇಯನ್ನು ಜೀಪಿನಲ್ಲಿ ಕುಳಿತು ನೋಡಬೇಡ. ಬೆಳಗಿನ ತಪಾಸಣೆಗೆ ಜೀಪು ಬೇಕು, ಅದು ನಿಯಮ. ಕಲ್ಲು, ಹಕ್ಕಿ, ಕಳಚಿ ಬಿದ್ದ ಲೋಹದ ಚೂರು ಅದರಲ್ಲಿ ಸಿಗುತ್ತವೆ. ಮೇಲ್ಮೈಯ ಆರೋಗ್ಯ ತಿಳಿಯಬೇಕಾದರೆ ನಡೆಯಬೇಕು. ಅದಕ್ಕೆ ಹೊತ್ತು ಇಳಿಸಂಜೆ. ಗುಡ್ಡಗಳ ನಡುವೆ ಮಧ್ಯಾಹ್ನದ ಮೇಲೆ ಗಾಳಿ ಎದ್ದುಬಿಡುವುದರಿಂದ ಹೆಚ್ಚಿನ ನಾಗರಿಕ ವಿಮಾನಗಳು ಬೆಳಗ್ಗೆಯೇ ಬಂದುಹೋಗಿರುತ್ತವೆ. ಟವರಿನ ಅನುಮತಿ ಪಡೆದು, ರೇಡಿಯೋ ಕೈಯಲ್ಲಿ ಹಿಡಿದು, ಸೂರ್ಯನಿಗೆ ಎದುರಾಗಿ ನಿಂತು ಒಮ್ಮೆ ಮಂಡಿಯೂರು. ಓರೆ ಬೆಳಕಿನಲ್ಲಿ ಪ್ರತಿಯೊಂದು ತಗ್ಗೂ ಪ್ರತಿಯೊಂದು ಗೆರೆಯೂ ನೆರಳು ಚೆಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದಾಗ ಕಾಣದ ಬಿರುಕು ಆಗ ತಾನಾಗಿ ಕಾಣುತ್ತದೆ. ಇನ್ನೊಂದು ಒಳ್ಳೆಯ ಹೊತ್ತು, ಹಿಮ ಕರಗಿ ಮೇಲ್ಮೈ ಒಣಗುತ್ತಿರುವ ಅರ್ಧ ಗಂಟೆ. ಡಾಂಬರೆಲ್ಲ ಒಣಗಿದರೂ ಬಿರುಕಿನ ಉದ್ದಕ್ಕೆ ಒದ್ದೆಯ ಕಪ್ಪು ಗೆರೆ ಉಳಿಯುತ್ತದೆ. ಕೂದಲೆಳೆಯಷ್ಟಿದ್ದರೂ ಸರಿ, ನೀರು ಒಳಗೆ ಹೋಗಿದೆ ಎಂದು ಅದು ತಾನೇ ಹೇಳುತ್ತದೆ. ಆ ಅರ್ಧ ಗಂಟೆಯಲ್ಲಿ ಸೀಮೆಸುಣ್ಣ ಹಿಡಿದು ಎಷ್ಟು ಗುರುತು ಮಾಡಿಕೊಳ್ಳಬಲ್ಲೆಯೋ ಅಷ್ಟು ಮಾಡಿಕೋ.

ಜೇಬಿನಲ್ಲಿ ಒಂದು ಚಾಕು, ಒಂದು ಸಣ್ಣ ಸುತ್ತಿಗೆ, ಒಂದು ಉಕ್ಕಿನ ಅಳತೆಪಟ್ಟಿ ಇರಲಿ. ಚಾಕುವಿನ ತುದಿಯಿಂದ ಜಲ್ಲಿಯ ಸುತ್ತ ಒತ್ತಿ ನೋಡು. ಆರೋಗ್ಯವಂತ ಡಾಂಬರಿನಲ್ಲಿ ತುದಿ ಸ್ವಲ್ಪ ಇಳಿದು ನಿಲ್ಲುತ್ತದೆ. ಮುದಿಯಾದ ಡಾಂಬರಿನಲ್ಲಿ ಕರಿ ಪುಡಿ ಉದುರುತ್ತದೆ, ಜಲ್ಲಿ ಅಲುಗಾಡುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡಿದೆ ಎಂದರ್ಥ. ಗುಡಿಸುವ ಯಂತ್ರದ ತೊಟ್ಟಿಯನ್ನಂತೂ ಮರೆಯಬೇಡ. ವಾರಕ್ಕೊಮ್ಮೆ ಅದರಲ್ಲಿ ಬಿದ್ದ ಜಲ್ಲಿಯನ್ನು ಜರಡಿ ಹಿಡಿದು ತೂಗಿ ಬರೆದಿಡು. ಗಾಳಿ ತಂದ ಮರಳು ಬೇರೆ, ಡಾಂಬರು ಮೆತ್ತಿದ ಜಲ್ಲಿ ಬೇರೆ. ಎರಡನೆಯದರ ತೂಕ ಏರುತ್ತಿದೆ ಎಂದರೆ ಮೇಲ್ಮೈ ಕಲ್ಲು ಬಿಡತೊಡಗಿದೆ. ಯಾವ ದುಬಾರಿ ಉಪಕರಣಕ್ಕೂ ಮುಂಚೆ ಈ ಸುದ್ದಿ ನಿನಗೆ ಆ ತೊಟ್ಟಿಯಿಂದ ಸಿಗುತ್ತದೆ.

ಬಿಟ್ಟ ಕಲ್ಲು ಸಣ್ಣದೆಂದು ತಾತ್ಸಾರ ಬೇಡ. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ಉರಿದು ಬಿದ್ದು 113 ಜನ ಸತ್ತದ್ದು, ಮುಂದೆ ಹೋದ ವಿಮಾನದಿಂದ ಬಿದ್ದ ಒಂದು ಲೋಹದ ಪಟ್ಟಿಯ ಮೇಲೆ ಅದರ ಟಯರು ಹರಿದದ್ದರಿಂದ. ಲೇಹ್‌ನಲ್ಲಿ ಗಾಳಿ ತೆಳು. ಅಷ್ಟೇ ರೆಕ್ಕೆಬಲಕ್ಕೆ ವಿಮಾನ ಹೆಚ್ಚು ವೇಗದಲ್ಲಿ ಬರಬೇಕು. ಕಡಲ ಮಟ್ಟಕ್ಕೆ ಹೋಲಿಸಿದರೆ ನೆಲ ಮುಟ್ಟುವಾಗಿನ ನಿಜವಾದ ವೇಗ ಸುಮಾರು ಶೇಕಡ 18ರಷ್ಟು ಹೆಚ್ಚು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. 2024ರ ಜುಲೈ ಕೊನೆಯಲ್ಲಿ ಬಿಸಿಲು ಏರಿ ಲೇಹ್‌ನ ವಿಮಾನಗಳೇ ರದ್ದಾದದ್ದನ್ನು ನೀನು ಓದಿರಬಹುದು. ಅಂಥ ವೇಗದಲ್ಲಿ ಓಡುವ ಎಂಜಿನ್ನಿನ ಬಾಯಿಗೆ ಒಂದು ಬಟಾಣಿ ಗಾತ್ರದ ಜಲ್ಲಿ ಹೋದರೂ ಬ್ಲೇಡು ಹಲ್ಲು ಮುರಿದುಕೊಳ್ಳುತ್ತದೆ. ಆ ಜಲ್ಲಿ ನಿನ್ನ ರನ್‌ವೇಯದೇ ಆಗಿರಬಾರದು. ಗುಡ್ಡಗಳು ಅಡ್ಡವಿರುವ ಕಾರಣ ಸಾಮಾನ್ಯವಾಗಿ ಒಂದು ತುದಿಯಿಂದ ಇಳಿದು, ಬಂದ ದಿಕ್ಕಿಗೇ ತಿರುಗಿ ಏರುತ್ತಾರೆ. ಹಾಗಾಗಿ ಇಳಿಯುವ ತುದಿಯಲ್ಲೇ ಟಯರಿನ ರಬ್ಬರು ಮೆತ್ತಿಕೊಳ್ಳುತ್ತದೆ, ತಿರುಗುವ ಜಾಗದಲ್ಲೇ ಡಾಂಬರು ಉಜ್ಜಿ ಕಿತ್ತುಬರುತ್ತದೆ. ಈ ಎರಡು ಕಡೆಗೆ ಪ್ರತ್ಯೇಕ ಪುಟ ತೆರೆದಿಡು.

ಇನ್ನು ಬಿರುಕು ತುಂಬುವ ಕೆಲಸ. ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಮಾಡಬೇಕಾದದ್ದು ಇದೇ. ಎಲ್ಲರೂ ಕೂಲಿ ಕೆಲಸವೆಂದು ಬಿಟ್ಟುಬಿಡುವುದೂ ಇದನ್ನೇ. ಉದ್ದುದ್ದ ಬರುವ ಬಿರುಕುಗಳನ್ನು ಮೊದಲು ಗಮನಿಸು. ಡಾಂಬರು ಹಾಸುವಾಗ ಒಂದು ಪಟ್ಟಿ ಹಾಸಿ, ಅದು ತಣಿದ ಮೇಲೆ ಪಕ್ಕದ ಪಟ್ಟಿ ಹಾಸುತ್ತಾರೆ. ಆ ಕೂಡುಗೆರೆಯಲ್ಲಿ ರೋಲರಿನ ಒತ್ತು ಸರಿಯಾಗಿ ಬಿದ್ದಿರುವುದಿಲ್ಲ. ರನ್‌ವೇ ಮೊದಲು ಬಾಯಿ ಬಿಡುವುದು ಅಲ್ಲಿ. ಆಮೇಲೆ ಚಳಿಯಿಂದ ಬಂದ ಅಡ್ಡಗೆರೆಗಳು. ಸಿಂಧೂ ಬಯಲಿನ ನಯವಾದ ಮರಳು ಸಂಜೆಯ ಗಾಳಿಯಲ್ಲಿ ಹಾರಿ ಬಂದು, ಚಳಿಗೆ ಬಾಯಿ ಬಿಟ್ಟ ಬಿರುಕಿನೊಳಗೆ ಇಳಿದು ಕೂರುತ್ತದೆ. ಬೇಸಿಗೆಯಲ್ಲಿ ಡಾಂಬರು ಹಿಗ್ಗಿ ಬಿರುಕು ಮುಚ್ಚಿಕೊಳ್ಳಲು ಹೋದರೆ ಮರಳು ಜಾಗ ಬಿಡುವುದಿಲ್ಲ. ಆಗ ಬಿರುಕಿನ ತುಟಿ ಪುಡಿಯಾಗುತ್ತದೆ. ಮರು ಚಳಿಗಾಲಕ್ಕೆ ಅದೇ ಬಿರುಕು ಇನ್ನಷ್ಟು ಅಗಲ. ವರ್ಷಕ್ಕೆ ನೂರು ಮಿಲಿಮೀಟರಿನಷ್ಟೂ ಮಳೆ ಕಾಣದ ಊರಲ್ಲಿ ನೀರಿನ ಚಿಂತೆ ಏಕೆ ಎಂದು ಕೇಳುವವರಿಗೆ ನೀನು ಹೇಳಬೇಕಾದ ಉತ್ತರ ಈ ಮರಳಿನದು.

ಕೂದಲೆಳೆಯಂಥವನ್ನು ನಕ್ಷೆಯಲ್ಲಿ ಗುರುತಿಸಿ ಕಾದುನೋಡು. ಸುಮಾರು 6 ಮಿಲಿಮೀಟರ್ ಮುಟ್ಟಿದ್ದನ್ನು ತುಂಬಲೇಬೇಕು. ಕಾಲ ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್. ನಡು ಬೇಸಿಗೆಯಲ್ಲಿ ಬಿರುಕು ಮುಚ್ಚಿಕೊಂಡಿರುತ್ತದೆ, ಆಗ ತುಂಬಿದ್ದು ಚಳಿಗೆ ಹರಿದುಹೋಗುತ್ತದೆ. ಕಡು ಚಳಿಯಲ್ಲಿ ತುಂಬಿದ್ದು ಬೇಸಿಗೆಯಲ್ಲಿ ಉಕ್ಕಿ ಮೇಲೆ ಬರುತ್ತದೆ. ಅರ್ಧ ತೆರೆದಿರುವ ಹೊತ್ತೇ ಸರಿ. ಮೊದಲು ಕೊರೆಯುವ ಯಂತ್ರದಿಂದ ಬಿರುಕಿಗೆ ನೇರ ಗೋಡೆಯ ಸಣ್ಣ ಕಾಲುವೆ ಮಾಡಿಸು. ಬಿಸಿಗಾಳಿ ಊದಿ ಧೂಳು ತೆಗೆಸು. ಅಂಚು ಒಣಗಬೇಕು, ಆದರೆ ಸುಡಬಾರದು. ನೇರ ಬೆಂಕಿ ಹಿಡಿದರೆ ಉಳಿದ ಜೀವವೂ ಹೋಗುತ್ತದೆ. ಅಗಲವಾದ ಬಿರುಕಿಗೆ ತಳದಲ್ಲಿ ಶಾಖ ತಾಳುವ ಸ್ಪಂಜಿನ ಹಗ್ಗ ತುರುಕಿಸು, ಸೀಲಂಟ್ ಪಾತಾಳಕ್ಕೆ ಇಳಿಯದಿರಲಿ. ರಬ್ಬರು ಬೆರೆತ ಸೀಲಂಟನ್ನು ನೇರ ಒಲೆಯ ಮೇಲಲ್ಲ, ಎಣ್ಣೆಯ ಕವಚವಿರುವ ಪಾತ್ರೆಯಲ್ಲಿ ಕಾಯಿಸಬೇಕು. ತಯಾರಕರು ಬರೆದ ಉಷ್ಣಾಂಶ ಮೀರಿದರೆ ಅದರೊಳಗಿನ ಪಾಲಿಮರ್ ಒಡೆದು, ನೋಡಲು ಸೀಲಂಟಿನಂತಿದ್ದರೂ ಬರಿಯ ಕರಿ ರಸವಾಗಿರುತ್ತದೆ. ತುಂಬಿದ ಮೇಲೆ ಮಟ್ಟ 3ರಿಂದ 6 ಮಿಲಿಮೀಟರ್ ಕೆಳಗೇ ಇರಲಿ. ಉಬ್ಬಿ ನಿಂತರೆ ಹಿಮ ಗೋರುವ ಬ್ಲೇಡು ಅದನ್ನು ಕಿತ್ತೊಯ್ಯುತ್ತದೆ.

ಹುಡುಗರು ಧೂಳು ಊದುವ ಹಂತವನ್ನು ಬೇಗ ಮುಗಿಸಲು ನೋಡುತ್ತಾರೆ. ತಪ್ಪು ಅವರದಷ್ಟೇ ಅಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಟರ್ಬೋ ಇಲ್ಲದ ಡೀಸೆಲ್ ಕಂಪ್ರೆಸರು ಮೂರನೇ ಒಂದು ಭಾಗದಷ್ಟು ಬಲ ಕಳೆದುಕೊಂಡಿರುತ್ತದೆ. ಬರ್ನರು ಅರೆಬರೆ ಉರಿಯುತ್ತದೆ. ಕೆಳಗಿನ ಊರಿನಲ್ಲಿ ಸಾಕಾಗುವ ಯಂತ್ರ ಅಲ್ಲಿ ಸಾಲುವುದಿಲ್ಲ. ಮನುಷ್ಯರೂ ಹಾಗೇ ದಣಿಯುತ್ತಾರೆ. ಆದ್ದರಿಂದ ಯಂತ್ರಕ್ಕೆ ಬೇಡಿಕೆ ಬರೆಯುವಾಗ ಒಂದು ಅಳತೆ ದೊಡ್ಡದನ್ನೇ ಬರೆ, ದಿನದ ಗುರಿಯನ್ನು ಒಂದು ಅಳತೆ ಚಿಕ್ಕದಾಗಿ ಇಡು. ಹತ್ತು ಮೀಟರ್ ಚೊಕ್ಕವಾಗಿ ತುಂಬಿದ ದಿನ ನೂರು ಮೀಟರ್ ಸವರಿದ ದಿನಕ್ಕಿಂತ ದೊಡ್ಡದು ಎಂದು ಅವರಿಗೆ ನೀನೇ ಹೇಳಬೇಕು, ಹೇಳಿ ಜೊತೆಯಲ್ಲಿ ನಿಲ್ಲಬೇಕು.

ಸಾಮಾನಿನ ವಿಷಯ ದೂರದ ನೆಲೆಯಲ್ಲಿ ಅರ್ಧ ಎಂಜಿನಿಯರಿಂಗ್ ಇದ್ದಂತೆ. ಬಿಟುಮೆನ್ ಡ್ರಮ್ಮುಗಳು, ಸೀಲಂಟ್, ಯಂತ್ರದ ಬಿಡಿಭಾಗ ಎಲ್ಲ ಬರುವುದು ಶ್ರೀನಗರದ ಕಡೆಯಿಂದ 3,528 ಮೀಟರ್ ಎತ್ತರದ ಜೋಜಿಲಾ ದಾಟಿ, ಇಲ್ಲವೇ ಮನಾಲಿ ಕಡೆಯಿಂದ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಕಾಟ ತಪ್ಪಿದೆ, ಆದರೆ ಅದರಾಚೆಯ ಬಾರಾಲಾಚಾದ ಹಿಮ ತಪ್ಪಿಲ್ಲ. ಗಡಿ ರಸ್ತೆ ಸಂಸ್ಥೆಯವರ ದುಡಿಮೆಯಿಂದ ಕಣಿವೆ ಮುಚ್ಚುವ ಅವಧಿ ಈಚಿನ ವರ್ಷಗಳಲ್ಲಿ ಬಹಳ ಕಡಿಮೆಯಾಗಿದೆ. ಆದರೂ ಲೆಕ್ಕ ಹಾಕುವಾಗ ದಾರಿ ಮುಚ್ಚಿದೆ ಎಂದೇ ಹಾಕು. ಏಪ್ರಿಲ್‌ನಲ್ಲಿ ತುಂಬಬೇಕಾದ ಬಿರುಕಿಗೆ ಸೀಲಂಟ್ ಹಿಂದಿನ ಅಕ್ಟೋಬರಿನಲ್ಲೇ ಉಗ್ರಾಣದಲ್ಲಿರಬೇಕು. ಅದು ಅಕ್ಟೋಬರಿನಲ್ಲಿರಬೇಕಾದರೆ ಬೇಡಿಕೆಯ ಕಾಗದ ಮೇ ತಿಂಗಳಲ್ಲಿ ಸಹಿಯಾಗಿರಬೇಕು. ಅಂದರೆ ಈ ವರ್ಷದ ಬಿರುಕು ನೋಡಿ ಮುಂದಿನ ವರ್ಷದ ಬಿರುಕಿಗೆ ತಯಾರಾಗಬೇಕು. ಸೀಲಂಟಿನ ಗಟ್ಟಿಗಳು ಚಳಿಗೆ ಕೆಡುವುದಿಲ್ಲ, ಬಿಸಿಲಿಗೆ ಇಡದಿದ್ದರಾಯಿತು. ಬಿಟುಮೆನ್ ಎಮಲ್ಷನ್ ಮಾತ್ರ ಹಾಗಲ್ಲ. ಅದರಲ್ಲಿ ನೀರಿದೆ. ಒಮ್ಮೆ ಹೆಪ್ಪುಗಟ್ಟಿದರೆ ಡಾಂಬರು ಬೇರೆ, ನೀರು ಬೇರೆ ಆಗಿಬಿಡುತ್ತದೆ, ಮತ್ತೆ ಕಲಕಿದರೆ ಕೂಡುವುದಿಲ್ಲ. ಮೊದಲ ಹೆಪ್ಪಿಗೆ ಮುನ್ನ ಮುಗಿಸು, ಇಲ್ಲವೇ ಬೆಚ್ಚಗಿನ ಕೋಣೆಗೆ ವ್ಯವಸ್ಥೆ ಮಾಡು.

ಹೊಸ ಪದರ ಹಾಕುವ ಸಂದರ್ಭ ನಿನ್ನ ಅವಧಿಯಲ್ಲಿ ಬಂದರೆ ಬಿಟುಮೆನ್ ದರ್ಜೆಯ ಬಗ್ಗೆ ಗಟ್ಟಿಯಾಗಿ ವಾದಿಸು. ಬಯಲುಸೀಮೆಯಲ್ಲಿ ಸರಿಹೋಗುವ ವಿಜಿ-30 ಅಲ್ಲಿಯ ಚಳಿಗೆ ಬಿರುಸು. ವಿಜಿ-10 ಚಳಿಗೆ ಸರಿ, ಆದರೆ ಜುಲೈಯ ಬಿಸಿಲಿನಲ್ಲಿ ನಿಂತ ವಿಮಾನದ ಚಕ್ರದ ಕೆಳಗೆ ಮೆತ್ತಗಾಗಬಹುದು. ಪಾಲಿಮರ್ ಬೆರೆಸಿದ ಬಿಟುಮೆನ್ನಿಗೆ ಹೆಚ್ಚು ಖರ್ಚು ಎಂದು ಬೇಡವೆನ್ನುವವರು ಇರುತ್ತಾರೆ. ಅಲ್ಲಿಗೆ ಒಂದು ಲಾರಿ ಜಲ್ಲಿ, ಒಂದು ಡ್ರಮ್ ಡಾಂಬರು ತಲುಪಿಸುವ ಖರ್ಚಿನ ಮುಂದೆ ಆ ವ್ಯತ್ಯಾಸ ದೊಡ್ಡದಲ್ಲ. ಹಾಸುವುದು ಮಧ್ಯಾಹ್ನದ ಹೊತ್ತಿಗೇ ಇರಲಿ, ನೆಲ ಬೆಚ್ಚಗಿರುತ್ತದೆ. ಗಾಳಿಗೆ ಹಾಟ್ ಮಿಕ್ಸ್ ಬಹಳ ಬೇಗ ತಣಿಯುತ್ತದೆ, ರೋಲರು ಪೇವರಿನ ಬೆನ್ನು ಬಿಡಬಾರದು. ಇನ್ನೊಂದು ಮಾತು. ಕೆಳಗಿನ ಬಿರುಕನ್ನು ಸರಿಮಾಡದೆ ಮೇಲೆ ಹೊಸ ಪದರ ಹಾಸಿದರೆ ಕೆಲವೇ ಚಳಿಗಾಲಗಳಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬಿರುಕು ಮತ್ತೆ ತಲೆ ಎತ್ತುತ್ತದೆ.

ಬೂದಿಯಾದ ಮೇಲ್ಮೈಗೆ ಮತ್ತೆ ಜೀವ ತುಂಬುತ್ತೇವೆ ಎಂದು ದ್ರವಗಳನ್ನು ಮಾರುವವರು ನಿನ್ನ ಬಳಿ ಬರುತ್ತಾರೆ. ಅವರನ್ನು ಬಾಗಿಲಲ್ಲೇ ಕಳಿಸಬೇಡ. ಕೆಲವು ನಿಜಕ್ಕೂ ಉಪಯುಕ್ತ. ಅಮೆರಿಕದ ಯೂಟಾ ರಾಜ್ಯದಲ್ಲಿ ಅಗೆದು ತೆಗೆಯುವ ಗಿಲ್ಸೊನೈಟ್ ಎಂಬ ನೈಸರ್ಗಿಕ ಡಾಂಬರು ಬೆರೆತ ಲೇಪನಗಳನ್ನು ಅಲ್ಲಿಯ ವಿಮಾನ ನಿಲ್ದಾಣಗಳಲ್ಲಿ ಬಹಳ ವರ್ಷಗಳಿಂದ ಬಳಸುತ್ತಾರೆ. ಸಕಾಲದಲ್ಲಿ ಹಾಕಿದರೆ ಗಾಳಿ ನೀರುಗಳಿಂದ ಮೇಲ್ಪದರಕ್ಕೆ ಕೆಲವು ವರ್ಷದ ರಕ್ಷಣೆ ಸಿಗುತ್ತದೆ. ಆದರೆ ಸಕಾಲ ಎಂದರೆ ಜಲ್ಲಿ ಬಿಡುವುದಕ್ಕೆ ಮುನ್ನ. ಆಗಲೇ ಉದುರುತ್ತಿರುವ, ಆಳ ಬಿರುಕು ಬಿಟ್ಟ ನೆಲಕ್ಕೆ ಬಣ್ಣ ಬಳಿದರೆ ಕಪ್ಪಗೆ ಕಾಣುತ್ತದೆಯೇ ಹೊರತು ಗುಣವಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಜಾರುವಿಕೆ. ಯಾವ ದ್ರವ ಹಾಕಿದರೂ ಮೊದಲು ಸ್ವಲ್ಪ ಕಾಲ ಟಯರಿನ ಹಿಡಿತ ಕಡಿಮೆಯಾಗುತ್ತದೆ. ರಸ್ತೆಯಲ್ಲಿ ಇದನ್ನು ಸಹಿಸಬಹುದು, ಕಣಿವೆಯ ನಡುವಿನ ರನ್‌ವೇಯಲ್ಲಿ ಆಗದು. ನೀರು ಬೇಗ ಬಸಿಯಲೆಂದು ಅಡ್ಡಕ್ಕೆ ಗೀರು ಹಾಕಿದ್ದರೆ, ಅವು ಸಾಮಾನ್ಯವಾಗಿ 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಆಳ ಇರುತ್ತವೆ. ಲೇಪನ ಅದರೊಳಗೆ ತುಂಬಿಕೊಳ್ಳಬಾರದು. ಮೊದಲು ಟ್ಯಾಕ್ಸಿವೇಯ ಒಂದು ತುಂಡಿನ ಮೇಲೆ ಹಾಕಿಸಿ ನೋಡು. ಹಾಕುವ ಮುನ್ನ, ಹಾಕಿದ ನಂತರ ಘರ್ಷಣೆ ಅಳೆಯುವ ವಾಹನವನ್ನು 65 ಮತ್ತು 95 ಕಿಲೋಮೀಟರ್ ವೇಗದಲ್ಲಿ, ಮುಂದೆ 1 ಮಿಲಿಮೀಟರ್ ದಪ್ಪ ನೀರು ಬಿಟ್ಟುಕೊಂಡು ಓಡಿಸಿ ಅಂಕಿ ತೆಗೆ. ಅಂಕಿ ಬರುವವರೆಗೆ ರನ್‌ವೇ ತೆರೆಯಲು ಸಹಿ ಹಾಕಬೇಡ, ಮೇಲಿನವರು ಎಷ್ಟೇ ಅವಸರ ಮಾಡಲಿ.

ಹಿಮ ತೆಗೆಯಲು ಉಪ್ಪು ಎರಚುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೂಡಲೇ ನಿಲ್ಲಿಸು. ಕ್ಲೋರೈಡ್ ವಿಮಾನದ ಲೋಹವನ್ನು ತಿನ್ನುತ್ತದೆ. ವಿಮಾನ ನಿಲ್ದಾಣಗಳಲ್ಲಿ ಅದರ ಬದಲು ಬಳಸುವ ಅಸಿಟೇಟ್, ಫಾರ್ಮೇಟ್ ದ್ರಾವಣಗಳೂ ಡಾಂಬರಿಗೆ ಪೂರ್ತಿ ನಿರುಪದ್ರವಿಯಲ್ಲ ಎಂಬುದನ್ನು ಉತ್ತರ ಯುರೋಪಿನ ದೇಶಗಳು 1990ರ ದಶಕದಿಂದೀಚೆಗೆ ಕಷ್ಟಪಟ್ಟು ಕಂಡುಕೊಂಡಿವೆ. ಲೇಹ್‌ನಲ್ಲಿ ಬೀಳುವ ಹಿಮ ಹಗುರ, ಗುಡಿಸಿದರೆ ಬಹುಪಾಲು ಹೋಗುತ್ತದೆ. ಸೀಮೆಎಣ್ಣೆ ಜಾತಿಯ ವಿಮಾನದ ಇಂಧನ ಡಾಂಬರನ್ನು ಕರಗಿಸುತ್ತದೆ ಎಂಬುದು ನಿನಗೆ ಗೊತ್ತೇ ಇದೆ. ಚೆಲ್ಲಿದ ಕಡೆ ತಕ್ಷಣ ಹೀರುಪುಡಿ ಹಾಕಿಸು.

ಚರಂಡಿಗಳ ಬಗ್ಗೆ ಸರಾಸರಿ ಮಳೆಯ ಅಂಕಿ ತೋರಿಸಿ ಯಾರೂ ನಿನ್ನನ್ನು ಸಮಾಧಾನ ಮಾಡಕೂಡದು. 2010ರ ಆಗಸ್ಟ್ 5ರ ರಾತ್ರಿ ಲೇಹ್ ಮೇಲೆ ಮೋಡ ಒಡೆದು, ಕೆಸರಿನ ಪ್ರವಾಹಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಒಣ ಸೀಮೆಯ ಗುಡ್ಡಗಳಲ್ಲಿ ಮಣ್ಣು ಹಿಡಿದಿಡಲು ಹುಲ್ಲಿನ ಬೇರೂ ಇಲ್ಲ. ಅಂಥ ದಿನ ಹೊರದಾರಿಗಳೆಲ್ಲ ಕೊಚ್ಚಿಹೋದಾಗ ಔಷಧ ಬರುವುದೂ ಗಾಯಾಳುಗಳು ಹೋಗುವುದೂ ನಿನ್ನ ರನ್‌ವೇಯಿಂದಲೇ. ಜುಲೈಗೆ ಮುನ್ನ ಪ್ರತಿಯೊಂದು ಮೋರಿಯೊಳಗೂ ಟಾರ್ಚ್ ಬಿಟ್ಟು ಆಚೆ ಬದಿಯ ಬೆಳಕು ಕಾಣುತ್ತದೆಯೇ ನೋಡು. ಶೋಲ್ಡರಿನ ಮಣ್ಣು ಡಾಂಬರಿನ ಅಂಚಿಗಿಂತ ಮೇಲೆ ಬೆಳೆದಿದ್ದರೆ ಕೆರೆಸು. ಆ ಒಂದೆರಡು ಅಂಗುಲದ ದಿಬ್ಬ ನೀರನ್ನು ರನ್‌ವೇಯ ಮೇಲೆಯೇ ನಿಲ್ಲಿಸುತ್ತದೆ.

ನಿನಗೆ ಎದುರಾಗುವ ಅತಿ ಕಷ್ಟದ ಪ್ರಶ್ನೆ ತಾಂತ್ರಿಕವಾದದ್ದಲ್ಲ. “ಚೆನ್ನಾಗಿಯೇ ಇದೆಯಲ್ಲ, ಈಗೇಕೆ ದುಡ್ಡು?” ಎಂದು ಕೇಳುತ್ತಾರೆ. ಕೇಳುವವರು ಕೆಟ್ಟವರಲ್ಲ, ಅವರ ಮುಂದೆ ನಿಜಕ್ಕೂ ಕೆಟ್ಟುಹೋದ ಹತ್ತು ಸಂಗತಿಗಳು ದುಡ್ಡಿಗಾಗಿ ಕಾಯುತ್ತಿರುತ್ತವೆ. ಆಗ ಅವರಿಗೆ ಅಸೆನ್ಷನ್ ದ್ವೀಪದ ಕಥೆ ಹೇಳು.

ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ಸಮಭಾಜಕದಿಂದ 8 ಡಿಗ್ರಿ ದಕ್ಷಿಣಕ್ಕಿರುವ ಬ್ರಿಟಿಷರ ಜ್ವಾಲಾಮುಖಿ ದ್ವೀಪ ಅದು. ಸಾವಿರಕ್ಕೂ ಕಡಿಮೆ ಜನ. 1942ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಕೆಲವೇ ತಿಂಗಳಲ್ಲಿ ಲಾವಾ ಕಲ್ಲನ್ನು ಸಿಡಿಸಿ ಅಲ್ಲಿ ಒಂದು ರನ್‌ವೇ ಮಾಡಿದರು. ಅಲ್ಲಿ ಗೂಡು ಕಟ್ಟುವ ಕಡಲಹಕ್ಕಿಯ ಹೆಸರನ್ನೇ ಇಟ್ಟು ವೈಡ್‌ಅವೇಕ್ ಎಂದು ಕರೆದರು. ಮುಂದೆ ಅದನ್ನು ಸುಮಾರು 3 ಕಿಲೋಮೀಟರಿಗೆ ಉದ್ದ ಮಾಡಿದರು. 1982ರ ಫಾಕ್ಲಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಬಾಂಬರುಗಳು ಹಾರಿದ್ದು ಅಲ್ಲಿಂದಲೇ. ಅಮೆರಿಕದ ಬಾಹ್ಯಾಕಾಶ ಷಟಲ್‌ಗೆ ತುರ್ತಾಗಿ ಇಳಿಯುವ ತಾಣಗಳ ಪಟ್ಟಿಯಲ್ಲೂ ಅದರ ಹೆಸರಿತ್ತು. ಅಂಥ ರನ್‌ವೇಯ ಡಾಂಬರು ಎಷ್ಟು ಗುಂಡಿ ಬಿದ್ದಿತೆಂದರೆ 2017ರ ಏಪ್ರಿಲ್‌ನಲ್ಲಿ ದೊಡ್ಡ ವಿಮಾನಗಳನ್ನು ನಿಲ್ಲಿಸಬೇಕಾಯಿತು. ಬ್ರಿಟನ್ನಿನಿಂದ ಫಾಕ್ಲಂಡ್ಸ್‌ಗೆ ಹೋಗುತ್ತಿದ್ದ ವಿಮಾನಗಳು ದಾರಿ ಬದಲಿಸಿ ಪಶ್ಚಿಮ ಆಫ್ರಿಕಾದ ಕಡೆಯಿಂದ ಹಾರತೊಡಗಿದವು. ದ್ವೀಪದವರಿಗೆ ಊರಿಗೆ ಹೋಗುವ ನೇರ ದಾರಿಯೇ ತಪ್ಪಿತು. ಪಕ್ಕದ ಸೇಂಟ್ ಹೆಲೆನಾ ಸುಮಾರು 1,300 ಕಿಲೋಮೀಟರ್ ದೂರ. ಅಲ್ಲಿಂದ ತಿಂಗಳಿಗೊಮ್ಮೆ ಬರುವ ಸಣ್ಣ ವಿಮಾನಕ್ಕೆ ಕಾಯುವ ಸ್ಥಿತಿ ಬಂತು. ರಿಪೇರಿಗೆ ಯಂತ್ರ, ಸಾಮಾನು ಎಲ್ಲವೂ ಹಡಗಿನಲ್ಲಿ ಹೋಗಬೇಕಾಗಿದ್ದರಿಂದ ಕೆಲಸ ವರ್ಷಗಟ್ಟಲೆ ಎಳೆಯಿತು. ಎರಡು ಶ್ರೀಮಂತ ದೇಶಗಳು ಬಳಸುತ್ತಿದ್ದ ರನ್‌ವೇಗೇ ಈ ಗತಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅಲ್ಲಿ ಆ ಕೊಡಲಿ ಸಮುದ್ರ ದಾಟಿ ಬರಬೇಕಾಯಿತು.

ಡಾಂಬರಿನ ಮೇಲ್ಮೈ ತನ್ನ ಆಯುಸ್ಸಿನ ಮುಕ್ಕಾಲು ಭಾಗ ಮೆಲ್ಲಗೆ ಇಳಿಯುತ್ತದೆ. ಆಮೇಲೆ ಒಮ್ಮೆಗೇ ಕುಸಿಯುತ್ತದೆ. ಆ ತಿರುವಿನ ಈಚೆಗೆ ನಿಂತವರಿಗೆ ಸೀಲಂಟ್ ಸಾಕು, ಆಚೆಗೆ ಹೋದವರು ಅಗೆದು ಹಾಕಬೇಕು. ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು ಮೇಲ್ಮೈಯ ಸ್ಥಿತಿ ಅಳೆಯುವ ಪದ್ಧತಿ ನಿನಗೆ ಗೊತ್ತು. ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಅವೇ ತುಂಡುಗಳಲ್ಲಿ ಅದನ್ನು ಮಾಡಿಸು. ಒಂದು ವರ್ಷದ ಅಂಕ ಯಾರನ್ನೂ ಒಪ್ಪಿಸುವುದಿಲ್ಲ. ನಾಲ್ಕು ವರ್ಷದ ಅಂಕಗಳನ್ನು ಒಂದು ಗೆರೆಯಲ್ಲಿ ಎಳೆದು, ಪಕ್ಕದಲ್ಲಿ ಅದೇ ಬಿರುಕಿನ ನಾಲ್ಕು ಫೋಟೋ ಇಟ್ಟರೆ ಲೆಕ್ಕಪತ್ರದವರೂ ಒಪ್ಪುತ್ತಾರೆ. ಫೋಟೋದಲ್ಲಿ ಅಳತೆಪಟ್ಟಿಯೂ ತಾರೀಖೂ ಇರಲಿ.

ನಿನ್ನ ಜೊತೆ ಕೆಲಸ ಮಾಡುವವರಲ್ಲಿ ಅನೇಕರು ಜಾರ್ಖಂಡ್, ಬಿಹಾರಗಳಿಂದ ಬೇಸಿಗೆಗೆ ಬಂದವರು, ಕೆಲವರು ಸ್ಪಿತುಕ್, ಫೇ ಹಳ್ಳಿಗಳವರು. ಸ್ಪಿತುಕ್‌ನವರಿಗೆ ಗೊಂಪದ ಗುಡ್ಡದಿಂದ ಇಡೀ ರನ್‌ವೇ ಕಾಣುತ್ತದೆ. ಎಲ್ಲಿ ಹಿಮ ಕೊನೆಗೆ ಕರಗುತ್ತದೆ, ಯಾವ ಕಡೆಯಿಂದ ನೀರು ನುಗ್ಗುತ್ತದೆ ಎಂದು ಅವರನ್ನು ಕೇಳು, ಹೇಳಿದ್ದನ್ನು ಅವರ ಹೆಸರಿನ ಸಮೇತ ಕಡತದಲ್ಲಿ ಬರೆ. ಸೀಲಂಟ್ ಪಾತ್ರೆಯ ಬಳಿ ನಿಲ್ಲುವವರಿಗೆ ಕೈಗವಸು, ಕಪ್ಪು ಕನ್ನಡಕ, ತುಟಿಗೆ ಹಚ್ಚುವ ಮುಲಾಮು ಇವುಗಳನ್ನು ಸಾಮಾನಿನ ಪಟ್ಟಿಯ ಕೊನೆಗೆ ತಳ್ಳದೆ ಮೊದಲ ಸಾಲಿನಲ್ಲೇ ಬರೆ.

ಎರಡು ಮೂರು ವರ್ಷಕ್ಕೆ ನಿನಗೆ ಮತ್ತೆ ವರ್ಗವಾಗುತ್ತದೆ. ನೀನು ಗುರುತಿಸಿದ ಬಿರುಕುಗಳು ಅಲ್ಲೇ ಇರುತ್ತವೆ. ದೂರದ ನೆಲೆಗಳಲ್ಲಿ ನಾನು ಕಂಡ ದೊಡ್ಡ ನಷ್ಟ, ಹೋಗುವವರ ತಲೆಯಲ್ಲಿದ್ದದ್ದು ಬರುವವರ ಕೈಗೆ ಸಿಗದಿರುವುದು. ಆದ್ದರಿಂದ ಅಲ್ಲಿಗೆ ಹೋದ ಮೊದಲ ತಿಂಗಳೇ ಬಿರುಕಿನ ನಕ್ಷೆ ಶುರುಮಾಡು. ರನ್‌ವೇಯನ್ನು 50 ಮೀಟರಿನ ತುಂಡುಗಳಾಗಿ ಮಾಡಿ, ಅಂಚಿನ ದೀಪಗಳ ಸಂಖ್ಯೆಯ ಆಧಾರದ ಮೇಲೆ ಪ್ರತಿ ಬಿರುಕಿಗೂ ಒಂದು ವಿಳಾಸ ಕೊಡು. ಯಾವಾಗ ಕಂಡಿತು, ಎಷ್ಟು ಅಗಲ, ಯಾವ ಸೀಲಂಟು, ಆ ದಿನದ ಉಷ್ಣಾಂಶ, ತುಂಬಿದವರು ಯಾರು, ಮರು ಚಳಿಗಾಲ ದಾಟಿತೇ ಎಲ್ಲವೂ ಬರಲಿ. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಗೋಡೆಯ ಮೇಲೆ ಕಾಗದದ್ದೊಂದು ಪ್ರತಿ, ಉಗ್ರಾಣದವರ ಬಳಿ ಒಂದು. ಏಪ್ರಿಲ್ ಕೊನೆಯ ಹೊತ್ತಿಗೆ ಮೊದಲ ನಕ್ಷೆ ಸಿದ್ಧವಾದರೆ, ನಿಯಮ ಅನುಮತಿಸುವಷ್ಟನ್ನು ನನಗೂ ತಿಳಿಸು. ಮುಂದಿನ ವರ್ಷದ ಸೀಲಂಟಿನ ಲೆಕ್ಕವನ್ನು ಇಬ್ಬರೂ ಕೂತು ಹಾಕೋಣ, ಬೇಡಿಕೆ ಕಳಿಸಲು ಆಗ ಇನ್ನೂ ಸ್ವಲ್ಪ ಕಾಲವಿರುತ್ತದೆ.

ಆಶೀರ್ವಾದಗಳೊಂದಿಗೆ,
ನಿನ್ನ ಹಿರಿಯ ಸಹೋದ್ಯೋಗಿ